ಕೆಂಪು ದಾರದ ತಂತಿ

ಜನವರಿ 9

ಮೊಂಡಿಗೆ ಅಜ್ಜಿಯ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಎಲ್ಲರೂ ಕ್ಷೇಮವಾಗಿಯೇ ಇದ್ದಾರೆ. ನಾನು ಮಾತ್ರ ಸಿಟ್ಟಿನಲ್ಲಿದ್ದೇನೆ.

ನಿನ್ನಪ್ಪ ವ್ಯಾನಿನ ಕೀ ಎತ್ತಿಟ್ಟುಕೊಂಡಿದ್ದಾನೆ. ಲಾಂಡ್ರಿಯ ಬಾಗಿಲ ಪಕ್ಕದ ಮೊಳೆಯಲ್ಲಿ ಮೂವತ್ತೊಂದು ವರ್ಷದಿಂದ ನೇತಾಡುತ್ತಿದ್ದ ಕೀ. ಸೋಮವಾರ ಬೆಳಿಗ್ಗೆ ಕೈ ಚಾಚಿದರೆ ಬರೀ ಮೊಳೆ ಸಿಕ್ಕಿತು. ಹಿಂದಿನ ವಾರ ಹೋಟೆಲಿನ ಹಿಂಬಾಗಿಲಿಗೆ ಹಾಸುಗಳ ಗಂಟು ಇಳಿಸಲು ಹೋದಾಗ ಅವರ ಗೇಟಿನ ಎಡಗಡೆಯ ಕಂಬಕ್ಕೆ ವ್ಯಾನು ಸ್ವಲ್ಪ ತಾಗಿತ್ತು. ಬಂಪರು ಬಗ್ಗಿತು, ಅಷ್ಟೇ. ಅದಕ್ಕೆ ಇವನು ನನ್ನನ್ನು ಕೂರಿಸಿಕೊಂಡು, ಡಾಕ್ಟರು ರೋಗಿಗೆ ಹೇಳುವ ದನಿಯಲ್ಲಿ ಹೇಳಿದ: "ಅಮ್ಮಾ, ನಿಂಗೆ ಮಧ್ಯ ಮಧ್ಯ ತಪ್ಪಿ ಹೋಗ್ತಿದೆ. ಕಂಬ ಒಂದೇ ಆಗಿದ್ರೆ ನಾನೂ ಸುಮ್ನಿರ್ತಿದ್ದೆ. ಅವತ್ತು ಕೆಂಪು ದೀಪ ಇದ್ರೂ ನುಗ್ಗಿಸಿದ್ಯಂತೆ."

ಕೆಂಪು ದೀಪದ ವಿಷಯ ಯಾರು ಹೇಳಿದರು ಎಂದು ನಾನು ಕೇಳಲಿಲ್ಲ. ಕೇಳುವುದೂ ಇಲ್ಲ.

ನನ್ನ ಲೈಸೆನ್ಸಿನ ಅವಧಿ ಜೂನ್ ಕೊನೆಗೆ ಮುಗಿಯುತ್ತದೆ. ಈ ವಯಸ್ಸಿನಲ್ಲಿ ಮತ್ತೆ ಬೇಕೆಂದರೆ ಆಫೀಸಿನವರ ಮುಂದೆ ಗಾಡಿ ಓಡಿಸಿ ತೋರಿಸಬೇಕು. ಪಾಸಾದರೆ ಕೀ ಮೊಳೆಗೆ ವಾಪಸ್ಸು ಬರಬೇಕು, ಫೇಲಾದರೆ ಮೊಳೆಯನ್ನೂ ಕಿತ್ತುಬಿಡು ಎಂದೆ. ಒಪ್ಪಿಕೊಂಡ. ನಾನು ಫೇಲಾಗುತ್ತೇನೆ ಎಂಬ ಧೈರ್ಯ ಅವನಿಗೆ.

ಆದರೆ ಐದು ತಿಂಗಳು ಸ್ಟಿಯರಿಂಗ್ ಮುಟ್ಟದಿದ್ದರೆ ಕೈ ಮರೆಯುತ್ತದೆ. ನೀನು ಹೋಗುವ ಮುಂಚೆ ಮಹಡಿ ಕೋಣೆಯ ಕಂಪ್ಯೂಟರಿನಲ್ಲಿ ಗಾಡಿ ಓಡಿಸುವ ಆಟ ಹಾಕಿಟ್ಟು ಹೋಗಿದ್ದೆಯಲ್ಲ, ಅದನ್ನು ಶುರು ಮಾಡಿದ್ದೇನೆ. ನಿನ್ನ ಆಟದ ಸ್ಟಿಯರಿಂಗನ್ನು ಹಳೇ ಇಸ್ತ್ರಿ ಮೇಜಿಗೆ ಬಿಗಿದಿದ್ದೇನೆ. ಪೆಡಲುಗಳು ಜಾರದಂತೆ ಕೆಳಗೆ ಒದ್ದೆ ಗೋಣಿ ಹಾಕಿದ್ದೇನೆ. ಎಲ್ಲಾ ಸರಿ, ರಸ್ತೆ ಸರಿಯಿಲ್ಲ. ತುಂಡು ತುಂಡಾಗಿ ಬರುತ್ತದೆ. ದೂರದಲ್ಲಿದ್ದ ಲಾರಿ ಇದ್ದಕ್ಕಿದ್ದಂತೆ ಮೂಗಿನ ಮುಂದೆ ಇರುತ್ತದೆ. ನಡುವಿನ ರಸ್ತೆ ಎಲ್ಲಿ ಹೋಯಿತೋ ತಿಳಿಯದು. ಬೀದಿಯ ಕಂಪ್ಯೂಟರ್ ಅಂಗಡಿಯವನನ್ನು ಕೇಳಿದೆ. "ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಬೇಕಮ್ಮಾ" ಎಂದ. ಅದು ಏನು, ಎಂಥದ್ದು ತೆಗೆದುಕೊಳ್ಳಬೇಕು, ಬರೆ. ಹಳೇ ರೋಲರ್ ಇಸ್ತ್ರಿ ಯಂತ್ರವನ್ನು ಗುಜರಿಗೆ ಹಾಕಿದ ದುಡ್ಡು ನನ್ನ ಹತ್ತಿರ ಇದೆ. ಅದರ ಮೇಲೆ ಒಂದು ಕಾಸೂ ಹಾಕುವುದಿಲ್ಲ.

ಫೋನ್ ಮಾಡು ಎನ್ನಬೇಡ. ನೀನು ಕೂಗಿದರೂ ನನಗೆ ಅರ್ಧ ಕೇಳುತ್ತದೆ, ಉಳಿದರ್ಧ ಮನೆಯವರಿಗೆಲ್ಲ ಕೇಳುತ್ತದೆ. ನಿನ್ನ ದ್ವೀಪಕ್ಕೆ ಹತ್ತು ದಿನಕ್ಕೊಮ್ಮೆ ದೋಣಿ ಬಂದರೆ ಬರಲಿ, ನಾನು ಕಾಯಬಲ್ಲೆ.

ನಿನ್ನ ಅಜ್ಜಿ


ಜನವರಿ 27

ಪ್ರೀತಿಯ ಅಜ್ಜಿ,

ನಿನ್ನ ಪತ್ರ ಓದಿ ನಗು ಬಂತು, ಆಮೇಲೆ ಹೆದರಿಕೆಯೂ ಆಯಿತು. ಇಲ್ಲಿ ದಿನಕ್ಕೆ ನಾಲ್ಕು ಸಲ ಗಾಳಿಯ ವೇಗ ಅಳೆದು ಬರೆದುಕೊಳ್ಳುವುದು ನನ್ನ ಕೆಲಸ. ನಿನ್ನ ಸಿಟ್ಟಿನ ವೇಗ ಅಳೆಯುವ ಯಂತ್ರ ನಮ್ಮ ಹವಾಮಾನ ಕೇಂದ್ರದಲ್ಲಿಲ್ಲ.

ಆಗಸ್ಟಿನಲ್ಲಿ ನಾನು ಬರುತ್ತೇನೆ. ಅಲ್ಲಿಯವರೆಗೆ ತಡೆದುಕೋ, ಬಂದು ನಾನೇ ಎಲ್ಲ ಮಾಡಿಕೊಡುತ್ತೇನೆ ಅಂದರೆ ಕೇಳುತ್ತೀಯಾ? ಕೇಳುವುದಿಲ್ಲ ಅಂತ ಗೊತ್ತು. ಅದಕ್ಕೆ ಬರೆಯುತ್ತಿದ್ದೇನೆ.

ಸಿನಿಮಾದ ಹಾಗೆ ಆಟದ ರಸ್ತೆಯೂ ಒಂದೊಂದೇ ಚಿತ್ರ. ಸೆಕೆಂಡಿಗೆ ಅರವತ್ತು ಚಿತ್ರ ಬಂದರೆ ನೀರು ಹರಿದಂತೆ ಕಾಣುತ್ತದೆ. ಮೂವತ್ತಾದರೂ ನಡೆಯುತ್ತದೆ. ನಮ್ಮ ಕಂಪ್ಯೂಟರ್ ಈಗ ಹದಿಮೂರೋ ಹದಿನಾಲ್ಕೋ ಬಿಡಿಸುತ್ತಿರಬೇಕು. ಚಿತ್ರ ಬಿಡಿಸುವುದಕ್ಕೆ ಅಂತಲೇ ಬೇರೆ ಆಳು ಇಟ್ಟುಕೊಂಡ ಹಾಗೆ, ಗ್ರಾಫಿಕ್ಸ್ ಕಾರ್ಡ್.

ಮೂರು ವಿಷಯ ನೆನಪಿಟ್ಟುಕೋ. ನಮ್ಮ ಮಾನಿಟರ್ ಚಿಕ್ಕದು, ಹಳೆಯದು. ದೊಡ್ಡ ಪರದೆಗೆ ಮಾಡಿದ ದುಬಾರಿ ಕಾರ್ಡ್ ನಮಗೆ ದಂಡ. ಎರಡನೆಯದು, ಪೆಟ್ಟಿಗೆಯ ಒಳಗೆ ಮೂಲೆಯಲ್ಲಿ ಕರೆಂಟು ಹಂಚುವ ಡಬ್ಬ ಇದೆ, ಪವರ್ ಸಪ್ಲೈ. ಅದರ ಮೇಲೆ ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ, ನೋಡಿ ತಿಳಿಸು. ಕಾರ್ಡ್ ಹಿಡಿಸಲು ಜಾಗ ಎಷ್ಟಿದೆ ಅಂತಲೂ ಅಳೆದು ಬರೆ. ಮೂರನೆಯದು, ಹೊಸದೇ ಬೇಕು ಅಂತಿಲ್ಲ. ಒಂದೆರಡು ವರ್ಷ ಬಳಸಿದ್ದು ಸಿಕ್ಕಿದರೆ ಅದೇ ದುಡ್ಡಿಗೆ ಇನ್ನೂ ಒಳ್ಳೆಯದು ಬರುತ್ತದೆ.

ಅಪ್ಪನ ಮೇಲೆ ತುಂಬಾ ಸಿಟ್ಟು ಮಾಡಿಕೊಳ್ಳಬೇಡ ಅಜ್ಜಿ. ಅದು ಅವನೊಬ್ಬನ ಯೋಚನೆ ಅಲ್ಲದೇ ಇರಬಹುದು. ದೋಣಿ ಹೊರಡುತ್ತಿದೆ, ಉಳಿದದ್ದು ಮುಂದೆ.

ನಿನ್ನ ಮೊಂಡಿ


ಫೆಬ್ರುವರಿ 11

ಮೊಂಡಿಗೆ ಆಶೀರ್ವಾದ.

ನಿನ್ನಪ್ಪನ ಪರವಾಗಿ ವಕಾಲತ್ತು ಬೇಡ. ಅವನಿಗೆ ಬಾಯಿ ಇದೆ.

ಪೆಟ್ಟಿಗೆ ಬಿಚ್ಚಿದೆ. ಒಳಗೆ ಇದ್ದ ಧೂಳು ನೋಡಿ ನಿನ್ನನ್ನು ಲಾಂಡ್ರಿಯವರ ಮನೆಯಲ್ಲಿ ಹುಟ್ಟಿದವಳು ಎನ್ನಲು ನಾಚಿಕೆಯಾಯಿತು. ಬಣ್ಣದ ಬ್ರಷ್ಷು ತಂದು ಗುಡಿಸಿದೆ. ಕರೆಂಟು ಡಬ್ಬದ ಮೇಲೆ 450 ಎಂದಿದೆ. ಕಾರ್ಡಿಗೆ ಇರುವ ಜಾಗ ನನ್ನ ಟೇಪಿನಲ್ಲಿ ಹತ್ತೂವರೆ ಅಂಗುಲ.

ಆಮೇಲೆ ಅಂಗಡಿಗೆ ಹೋದೆ. ಅಂಗಡಿಯವನಿಗೆ ಐವತ್ತರ ಹತ್ತಿರ ವಯಸ್ಸು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಕನ್ನಡಕ ಹುಡುಕುವ ಜಾತಿ. ಮೊಮ್ಮಗನಿಗಾ ಎಂದು ಕೇಳಿದ. ನನಗೇ ಎಂದೆ. ನಕ್ಕು, ಬಣ್ಣಬಣ್ಣದ ದೀಪ ಮಿನುಗುವ ಒಂದು ಕಾರ್ಡನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದ. ಅದರ ಬೆಲೆಗೆ ನಾನು ಹೊಸ ಡ್ರೈಯರ್ ತರಬಹುದು. "ಅದನ್ನ ಪೆಟ್ಟಿಗೆ ಒಳಗೆ ತಾನೇ ಹಾಕೋದು? ಒಳಗೆ ಯಾರಿಗಪ್ಪಾ ಈ ದೀಪಾಲಂಕಾರ?" ಎಂದು ಕೇಳಿದೆ. ತೆಪ್ಪಗೆ ಒಳಗಿಟ್ಟು, ನನ್ನ ದುಡ್ಡಿಗೆ ಬರುವ ಮೂರನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ.

ಮೊದಲನೆಯದು ಹೊಚ್ಚ ಹೊಸದು, ಅಂಗೈಯಷ್ಟಿದೆ, ಒಂದೇ ಫ್ಯಾನು, ಮೆಮೊರಿ ನಾಲ್ಕು. ಎರಡನೆಯದು ಎರಡು ವರ್ಷ ಬಳಸಿದ್ದು, ಎರಡು ಫ್ಯಾನು, ಮೆಮೊರಿ ಆರು. ಮೂರನೆಯದು ಏಳೆಂಟು ವರ್ಷ ಹಳೆಯದು, ಮೂರು ಫ್ಯಾನು, ಮೆಮೊರಿ ಎಂಟು, ಕೈಯಲ್ಲಿ ಹಿಡಿದರೆ ಕಬ್ಬಿಣದ ಇಸ್ತ್ರಿಪೆಟ್ಟಿಗೆಯ ತೂಕ. ಬೆಲೆ ಹೆಚ್ಚು ಕಡಿಮೆ ಮೂರಕ್ಕೂ ಒಂದೇ. ನನಗೆ ಮೂರನೆಯದರ ಮೇಲೆ ಮನಸ್ಸಿದೆ. ತೂಕದ ಯಂತ್ರ ಬಾಳಿಕೆ ಬರುತ್ತದೆ, ಎಂಟು ಆರಕ್ಕಿಂತ ದೊಡ್ಡದು. ನೀನು ಹೂಂ ಎಂದರೆ ತಂದುಬಿಡುತ್ತೇನೆ. ಮೂರನ್ನೂ ಯಾರಿಗೂ ಕೊಡಬೇಡ ಎಂದು ಹೇಳಿ ಬಂದಿದ್ದೇನೆ. ಅವುಗಳ ಹೆಸರು, ನಂಬರು ಬೇರೆ ಚೀಟಿಯಲ್ಲಿ ಇವೆ.

ಹೊಸ ಡ್ರೈವರನನ್ನು ಇಟ್ಟಿದ್ದಾನೆ ನಿನ್ನಪ್ಪ. ಬ್ರೇಕ್ ಹಾಕಿದರೆ ಮಡಿಸಿದ ಹಾಸುಗಳೆಲ್ಲ ಮುಂದಕ್ಕೆ ಬಂದು ಅವನನ್ನು ಅಪ್ಪಿಕೊಳ್ಳುತ್ತವೆ. ಮೊನ್ನೆ ಆಸ್ಪತ್ರೆಯ ಗಂಟನ್ನು ಹೋಟೆಲಿಗೆ ಇಳಿಸಿ ಬಂದ. ಹೋಟೆಲಿನದಕ್ಕೆ ನೀಲಿ ದಾರ, ಆಸ್ಪತ್ರೆಯದಕ್ಕೆ ಹಸಿರು ದಾರ, ಮೂಲೆಯಲ್ಲಿ ಹೊಲಿದಿರುತ್ತದೆ, ನೋಡಬೇಕು ಎಂದು ಹೇಳಿದರೆ, "ಅಷ್ಟೆಲ್ಲಾ ಯಾರು ನೋಡ್ತಾರೆ ಅಜ್ಜಿ" ಎನ್ನುತ್ತಾನೆ. ಕಣ್ಣು ನೆಟ್ಟಗಿದ್ದೂ ನೋಡದವನಿಗೆ ಕೀ ಕೊಟ್ಟಿದ್ದಾರೆ.

ನಿನ್ನ ಅಜ್ಜಿ


ಮಾರ್ಚ್ 2

ಪ್ರೀತಿಯ ಅಜ್ಜಿ,

ಮೂರನೆಯದು ಬೇಡವೇ ಬೇಡ. ಅಕ್ಕನ ಮದುವೆ ವರ್ಷ ದೊಡ್ಡ ಡ್ರಮ್ಮಿನ ವಾಷಿಂಗ್ ಮೆಷಿನ್ ಮಾರಲು ಬಂದವನಿಗೆ ನೀನೇನು ಹೇಳಿದ್ದೆ, ನೆನಪಿದೆಯಾ? ಡ್ರಮ್ ದೊಡ್ಡದಾದರೆ ಆಯಿತಾ, ತಿರುಗಿಸೋ ಮೋಟಾರು ಬೇಡವಾ ಅಂತ. ಮೆಮೊರಿ ಅಂದರೆ ಡ್ರಮ್. ಆ ಮುದಿ ಕಾರ್ಡಿನ ಮೋಟಾರು ಹಳೆಯದು, ಕರೆಂಟು ಮಾತ್ರ ಗಟಗಟ ಕುಡಿಯುತ್ತದೆ. ನಮ್ಮ 450 ಡಬ್ಬ ಅದನ್ನು ಸಾಕಲಾರದು. ಉದ್ದವೂ ಹನ್ನೆರಡು ಅಂಗುಲ, ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಮೊದಲನೆಯದು ಹೊಸದು ಅನ್ನುವುದೊಂದೇ ಅದರ ಗುಣ, ನಿನ್ನ ಆಟದಲ್ಲಿ ಒಂದೇ ವಾರಕ್ಕೆ ಏದುಸಿರು ಬಿಡುತ್ತದೆ. ಎರಡನೆಯದನ್ನು ತಗೋ. ನಮ್ಮ ಮಾನಿಟರಿಗೆ ಅದೇ ಅಳತೆಗೆ ಹೊಲಿದ ಹಾಗಿದೆ.

ಬಳಸಿದ್ದು ತಾನೇ, ಹಗಲೂ ರಾತ್ರಿ ದುಡಿಸಿ ಸುಸ್ತು ಮಾಡಿ ಮಾರುವವರೂ ಇದ್ದಾರೆ. ಅಂಗಡಿಯಲ್ಲೇ ಅರ್ಧ ಗಂಟೆ ಜೋರಾಗಿ ಓಡಿಸಿ ತೋರಿಸಲು ಹೇಳು. ಬಿಸಿ ಎಂಬತ್ತೈದು ಡಿಗ್ರಿ ದಾಟಬಾರದು, ಫ್ಯಾನು ಕರಕರ ಅನ್ನಬಾರದು.

ಜೋಡಿಸುವುದಕ್ಕೆ ಅಂಗಡಿಯವನನ್ನೇ ಕರೆ. ಕರೆಯುವುದಿಲ್ಲ ಅಂತಾದರೆ ಹೀಗೆ ಮಾಡು. ಪ್ಲಗ್ ಕಿತ್ತು ಕಬ್ಬಿಣದ ಮೇಜು ಮುಟ್ಟಿ ಆಮೇಲೆ ಕೈ ಹಾಕು. ಒಳಗಿನ ಉದ್ದ ಸೀಳಿಗೆ ಕಾರ್ಡನ್ನು ಟಕ್ ಅನ್ನುವವರೆಗೆ ಒತ್ತು. ಕರೆಂಟು ಡಬ್ಬದಿಂದ ಬರುವ ಎಂಟು ಕಾಲಿನ ಪ್ಲಗ್ಗನ್ನು ಕಾರ್ಡಿನ ಬೆನ್ನಿಗೆ ಸಿಕ್ಕಿಸು. ಹೊರಗಿನ ತಂತಿಗಳನ್ನು ಬಿಚ್ಚುವ ಮುಂಚೆ ಒಂದೊಂದಕ್ಕೂ ಗುರುತು ಹಾಕಿಕೋ, ಮತ್ತೆ ಯಾವುದು ಎಲ್ಲಿತ್ತೋ ಅಲ್ಲೇ ಸಿಕ್ಕಿಸು. ಅಷ್ಟೇ.

ಒಂದು ಕೇಳಲಾ? ರಸ್ತೆ ತುಂಡಾಗಿ ಬರುವುದು ಕಂಪ್ಯೂಟರಿನಲ್ಲಿ ಮಾತ್ರ ತಾನೇ?

ನಿನ್ನ ಮೊಂಡಿ


ಮಾರ್ಚ್ 19

ಮೊಂಡಿಗೆ ಆಶೀರ್ವಾದ.

ತಂದೆ. ಎರಡನೆಯದೇ.

ಅಂಗಡಿಯವನು ಐದು ನಿಮಿಷ ಓಡಿಸಿ, ಸಾಕಲ್ಲಮ್ಮಾ ಎಂದ. ಅರ್ಧ ಗಂಟೆ ಎಂದು ಹೇಳಿ ಅವನ ಸ್ಟೂಲನ್ನೇ ಎಳೆದುಕೊಂಡು ಕೂತೆ. ಪರದೆಯ ಮೇಲೆ ಏನೇನೋ ಅಂಕಿಗಳು ಓಡುತ್ತಿದ್ದವು. ನಾನು ಕಾರ್ಡಿನ ಹಿಂದೆ ಅಂಗೈ ಹಿಡಿದೆ. ಬಿಸಿಯ ಲೆಕ್ಕ ನನಗೆ ಯಾರೂ ಹೇಳಿಕೊಡಬೇಕಿಲ್ಲ. ರೇಷ್ಮೆಗೆ ಇಡುವ ಇಸ್ತ್ರಿಗಿಂತ ಒಂದು ಮಟ್ಟ ಕಡಿಮೆ ಇತ್ತು. ಎಪ್ಪತ್ತೆರಡು ಎಂದು ಅವನ ಯಂತ್ರವೂ ಹೇಳಿತು. ಆಮೇಲೆ ಫ್ಯಾನಿನ ಸಂದಿಗೆ ಟಾರ್ಚು ಬಿಟ್ಟು ನೋಡಿದೆ. ನಮ್ಮ ಡ್ರೈಯರಿನ ಜಾಲರಿಯಲ್ಲಿ ಕೂರುವಂಥ ಜುಂಗು ಕೂತಿತ್ತು. ಊದಿಸಿದೆ. ಒಂದು ಸ್ಕ್ರೂ ತಲೆ ಸವೆದಿತ್ತು. "ಇದನ್ನ ಬಿಚ್ಚಿದಾರಲ್ಲ?" ಎಂದೆ. ಕನ್ನಡಕ ಕೆಳಗಿಳಿಸಿ, ಹೌದಮ್ಮಾ, ಒಳಗಿನ ಪೇಸ್ಟ್ ಬದಲಾಯಿಸಿದ್ದೇನೆ ಎಂದು ಒಪ್ಪಿಕೊಂಡ. ಹಾಗಾದರೆ ಒಂದು ತಿಂಗಳೊಳಗೆ ಕೆಟ್ಟರೆ ವಾಪಸ್ಸು ಎಂದು ಚೀಟಿ ಬರೆದುಕೊಡು ಎಂದೆ. ಬರೆದುಕೊಟ್ಟ. "ನಮ್ಮಂಗ್ಡೀಲಿ ಕೆಲ್ಸಕ್ಕೆ ಬರ್ತೀರೇನಮ್ಮಾ?" ಎಂದು ಕೇಳಿದ. ಸಂಬಳ ಕೊಡಲು ನಿನಗೆ ಶಕ್ತಿಯಿಲ್ಲ ಎಂದೆ.

ಜೋಡಿಸಿದ್ದೂ ನಾನೇ. ನಿನ್ನಪ್ಪ ಬಾಗಿಲಲ್ಲಿ ನಿಂತು ನೋಡಿದ, ಸಹಾಯ ಬೇಕೇ ಎಂದು ಎರಡು ಸಲ ಕೇಳಿದ. ಟಾರ್ಚು ಹಿಡಿಯಲು ಮಾತ್ರ ಬಿಟ್ಟೆ. ನಮ್ಮ ಗುರುತಿನ ದಾರಗಳನ್ನೇ ತಂತಿಗಳಿಗೆ ಕಟ್ಟಿದೆ, ಒಂದೊಂದಕ್ಕೆ ಒಂದೊಂದು ಬಣ್ಣ. ಈ ಲಾಂಡ್ರಿಯಲ್ಲಿ ಇಷ್ಟು ವರ್ಷದಲ್ಲಿ ಒಂದು ದಿಂಬಿನ ಚೀಲ ಬೇರೆಯವರ ಮನೆಗೆ ಹೋದದ್ದಿಲ್ಲ, ಆ ಡ್ರೈವರ ಬರುವವರೆಗೆ. ತಂತಿಗಳೂ ಹೋಗಲಿಲ್ಲ.

ಅಂಚೆಯವನು ಹನ್ನೊಂದಕ್ಕೆ ಬರುತ್ತಾನೆ. ಇದನ್ನು ಅವನ ಕೈಗೆ ಕೊಟ್ಟು ಮೇಲೆ ಹೋಗಿ ಸ್ವಿಚ್ಚು ಒತ್ತುತ್ತೇನೆ. ರಸ್ತೆ ಹೇಗೆ ಬಂತು ಎಂದು ನಾಳೆಯೇ ಬರೆಯುತ್ತೇನೆ.

ನಿನ್ನ ಅಜ್ಜಿ


ಏಪ್ರಿಲ್ 6

ಪ್ರೀತಿಯ ಅಜ್ಜಿ,

ನಾಳೆಯೇ ಬರೆಯುತ್ತೇನೆ ಅಂದೆ. ದೋಣಿ ಬಂತು, ಅಕ್ಕಿ ಬಂತು, ಡೀಸೆಲ್ ಬಂತು, ನಿನ್ನ ಪತ್ರ ಬರಲಿಲ್ಲ. ಆಟದಲ್ಲಿ ಮುಳುಗಿ ನನ್ನನ್ನೂ ಮರೆತೆಯಾ? ಎಷ್ಟು ಚಿತ್ರ ಬರುತ್ತಿದೆ, ಅಷ್ಟಾದರೂ ಬರೆ.

ನಿನ್ನ ಮೊಂಡಿ


ಏಪ್ರಿಲ್ 16

ಅಜ್ಜಿ,

ಈ ದೋಣಿಯಲ್ಲೂ ನಿನ್ನ ಪತ್ರ ಇಲ್ಲ. ಕೇಂದ್ರದ ಫೋನಿನಲ್ಲಿ ಎರಡು ನಿಮಿಷ ಅಪ್ಪನ ಹತ್ತಿರ ಮಾತಾಡಿದೆ. ನೀನು ಚೆನ್ನಾಗಿದ್ದೀಯ, ಮಹಡಿ ಕೋಣೆಗೆ ಮಾತ್ರ ಹೋಗುತ್ತಿಲ್ಲ, ಕೇಳಿದರೆ ಮಾತಾಡುವುದಿಲ್ಲ ಅಂದ. ನಿನಗೆ ಗೊತ್ತಾಗಿದೆ ಅಂತ ಅನಿಸಿತು.

ಹೌದು, ನಾನೇ ಹೇಳಿದ್ದು. ನಾನು ಹೊರಡುವ ಹಿಂದಿನ ದಿನ ಬಸ್ ಸ್ಟ್ಯಾಂಡಿನ ಸರ್ಕಲಿನಲ್ಲಿ ಕೆಂಪು ದೀಪ ಇತ್ತು. ನೀನು ಮಾತಾಡುತ್ತಾ ಹಾಗೇ ಹೋದೆ. ಎಡಗಡೆಯಿಂದ ಒಂದು ಬಸ್ಸು ಬಂದು ಕೀರ್ ಅಂತ ನಿಂತಿತು. ನೀನು ಅದನ್ನು ನೋಡಲೇ ಇಲ್ಲ. ನಾನು ಬಾಗಿಲ ಮೇಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ನಿನಗೆ ಅದೂ ಕಾಣಲಿಲ್ಲ. ನಿನ್ನ ಮುಖ ನೋಡಿ ಹೇಳುವ ಧೈರ್ಯ ಆಗಲಿಲ್ಲ, ಅಪ್ಪನಿಗೆ ಹೇಳಿ ಬಂದುಬಿಟ್ಟೆ. ಕೀ ತೆಗೆದಿಡು ಅಂದವಳೂ ನಾನೇ. ನಿನ್ನ ಹತ್ತಿರ ಕಾರ್ಡಿನ ಬಗ್ಗೆ ಪುಟಗಟ್ಟಲೆ ಬರೆದೆ, ಈ ಒಂದು ಸಾಲು ಬರೆಯಲು ಮೂರು ತಿಂಗಳು ಬೇಕಾಯಿತು.

ಬೈದಾದರೂ ಬರೆ.

ಮೊಂಡಿ


ಏಪ್ರಿಲ್ 23

ಮೊಂಡಿಗೆ.

ನಿನ್ನ ಎರಡು ಪತ್ರ ಬಂದಿವೆ. ಒಂದನ್ನು ಓದಿದೆ. ಇನ್ನೊಂದು ನಿನ್ನೆ ಬಂತು, ಒಡೆದಿಲ್ಲ. ಮೊದಲು ನಾನು ಹೇಳಬೇಕಾದ್ದು ಹೇಳಿ ಮುಗಿಸುತ್ತೇನೆ.

ಕಾರ್ಡಿನಲ್ಲಿ ತಪ್ಪಿಲ್ಲ. ಯಂತ್ರದಲ್ಲಿ ತಪ್ಪಿಲ್ಲ. ತಪ್ಪು ನನ್ನಲ್ಲಿದೆ.

ಅವತ್ತು ಸ್ವಿಚ್ಚು ಒತ್ತಿದೆ. ಕಾರ್ಡಿನ ಎರಡೂ ಫ್ಯಾನು ತಿರುಗಿದವು. ಆಟ ಬಂತು. ರಸ್ತೆ ಮೊದಲಿನ ಹಾಗೆಯೇ ತುಂಡು ತುಂಡು. ಲಾರಿ ಮೊದಲಿನ ಹಾಗೆಯೇ ದೂರದಿಂದ ಹಾರಿ ಮೂಗಿನ ಮುಂದೆ. ಎಲ್ಲ ಬಿಚ್ಚಿ ಮತ್ತೆ ಜೋಡಿಸಿದೆ, ಹಾಗೆಯೇ. ಕಾರ್ಡನ್ನು ಕಿತ್ತು ಅಂಗಡಿಗೆ ಕೊಟ್ಟು ಬಂದೆ. ಎರಡು ಗಂಟೆ ಓಡಿಸಿದ್ದೇನೆ, ಒಂದು ಕುಂದೂ ಇಲ್ಲ, ನಿಮ್ಮ ಕೈಗುಣ ಒಳ್ಳೆಯದು ಎಂದು ಮಾರನೇ ದಿನ ವಾಪಸ್ಸು ಕೊಟ್ಟ. ತಂದು ಮೂರನೇ ಸಲ ಜೋಡಿಸಿದೆ. ಎಲ್ಲ ದಾರ ನೋಡಿಕೊಂಡೇ ಜೋಡಿಸಿದ್ದು. ಕೀಬೋರ್ಡಿಗೆ ಹಳದಿ, ಸ್ಟಿಯರಿಂಗಿಗೆ ನೀಲಿ, ಸ್ಪೀಕರಿಗೆ ಹಸಿರು. ಮಾನಿಟರಿನ ತಂತಿಗೆ ಕೆಂಪು, ಅದು ಪೆಟ್ಟಿಗೆಯ ಬೆನ್ನಿನಲ್ಲಿ ಮೇಲಿನ ಸಾಲಿನಲ್ಲಿತ್ತು, ಕೀಬೋರ್ಡಿನ ಪಕ್ಕ. ಅಲ್ಲೇ ಹಾಕಿದ್ದೇನೆ. ಒಂದೂ ಆಚೀಚೆ ಇಲ್ಲ. ಆದರೂ ರಸ್ತೆ ಹಾರುತ್ತದೆ.

ನೀನು ಕೇಳಿದ್ದೆಯಲ್ಲ, ಕಂಪ್ಯೂಟರಿನಲ್ಲಿ ಮಾತ್ರ ತಾನೇ ಎಂದು. ನಾನು ಉತ್ತರ ಬರೆಯಲಿಲ್ಲ. ಹೋಟೆಲಿನ ಕಂಬವೂ ಹಾಗೆಯೇ ಬಂದಿತ್ತು. ಇರಲಿಲ್ಲ, ಆಮೇಲೆ ಇತ್ತು. ನಡುವೆ ಏನಾಯಿತು ಎಂದು ನನಗೆ ಗೊತ್ತಿಲ್ಲ. ಆಟದಲ್ಲಿ ಲಾರಿ ಹಾರಿದಾಗ ನನಗೆ ಆ ಕಂಬವೇ ನೆನಪಾಗುತ್ತಿತ್ತು. ಯಂತ್ರದ ತಪ್ಪಾಗಿದ್ದರೆ ಕಾರ್ಡು ಹಾಕಿದ ಮೇಲೆ ಸರಿಯಾಗಬೇಕು. ಸರಿಯಾಗದಿದ್ದರೆ ನನ್ನ ತಲೆಯೊಳಗೇ ಚಿತ್ರಗಳು ಕಡಿಮೆ ಬೀಳುತ್ತಿವೆ ಎಂದು ಲೆಕ್ಕ. ನಾನು ಆ ದುಡ್ಡು ಕೊಟ್ಟದ್ದು ಆಟಕ್ಕಲ್ಲ, ಈ ಒಂದು ಪ್ರಶ್ನೆಗೆ. ಉತ್ತರ ಸಿಕ್ಕಿತು.

ನಿನ್ನಪ್ಪನನ್ನು ಕರೆದು ನಿನಗೂ ಹಾರುತ್ತದೆಯೇ ನೋಡು ಎಂದು ಕೇಳಬಹುದಿತ್ತು. ನಾನು ಕೇಳುವವಳಲ್ಲ.

ಕೀ ಇನ್ನು ಕೇಳುವುದಿಲ್ಲ. ಪರೀಕ್ಷೆಗೆ ಹೋಗುವುದಿಲ್ಲ. ಹಾಗೆಂದು ಯಾರೂ ನನ್ನನ್ನು ಕೈ ಹಿಡಿದು ನಡೆಸಬೇಕಿಲ್ಲ, ಅದನ್ನು ನಿನ್ನಪ್ಪನಿಗೂ ಹೇಳಿಡು. ಲಾಂಡ್ರಿಯ ಬೀಗ ನನ್ನ ಸೊಂಟದಲ್ಲೇ ಇರುತ್ತದೆ. ನೀನು ಅಳುತ್ತಾ ಕೂರಬೇಡ, ಗಾಳಿ ಅಳೆ.

ಅಜ್ಜಿ


ಮೇ 5

ಅಜ್ಜಿ, ಅಜ್ಜಿ,

ಕೆಂಪು ದಾರದ ತಂತಿಯನ್ನು ಕೀಳು. ಈಗಲೇ. ಪೆಟ್ಟಿಗೆಯ ಬೆನ್ನಿನಲ್ಲಿ ಕೆಳಗಡೆ, ಹೊಸ ಕಾರ್ಡಿನ ಅಂಚು ಕಾಣುತ್ತದಲ್ಲ, ಅದರಲ್ಲೂ ಅಂಥದ್ದೇ ತೂತಿದೆ. ಅಲ್ಲಿಗೆ ಸಿಕ್ಕಿಸು. ಮೇಲಿನ ತೂತು ಹಳೇ ಆಳಿನದು. ಹೊಸ ಆಳು ಒಂದೂವರೆ ತಿಂಗಳಿಂದ ಫ್ಯಾನು ಬೀಸಿಕೊಂಡು ಸುಮ್ಮನೆ ಕೂತಿದೆ, ಹದಿನಾಲ್ಕು ಚಿತ್ರ ಬಿಡಿಸುವ ಹಳೆಯವನೇ ಇನ್ನೂ ದುಡಿಯುತ್ತಿದ್ದಾನೆ.

ತಪ್ಪು ನಿನ್ನದಲ್ಲ, ನನ್ನದು. ಎಲ್ಲಿತ್ತೋ ಅಲ್ಲೇ ಸಿಕ್ಕಿಸು ಅಂತ ನಾನೇ ಬರೆದೆ. ಮಾನಿಟರಿನ ತಂತಿ ಮಾತ್ರ ಜಾಗ ಬದಲಾಯಿಸಬೇಕು ಅಂತ ಬರೆಯಲು ಮರೆತೆ. ಬೇರೆ ಯಾರಾದರೂ ಆಗಿದ್ದರೆ ಗುರುತು ಹಾಕದೆ, ಕೈಗೆ ಸಿಕ್ಕ ಕಡೆ ಸಿಕ್ಕಿಸಿ ಸರಿಮಾಡಿಕೊಂಡಿರುತ್ತಿದ್ದರು. ನೀನು ಮಾತ್ರ ನಾನು ಹೇಳಿದ್ದನ್ನು ಹೇಳಿದಂತೆ ಮಾಡಿದೆ, ಮೂರು ಸಲ.

ಆದರೆ ಇದನ್ನೂ ಓದು, ಮುಂದಿನ ಸಾಲಿಗೆ ಹಾರಬೇಡ. ರಸ್ತೆ ಸರಿಯಾಗಿ ಬಂದರೆ ಯಂತ್ರ ಚೆನ್ನಾಗಿದೆ ಅಂತ ಗೊತ್ತಾಗುತ್ತದೆ, ನಿನ್ನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಕಂಬ ಕಂಪ್ಯೂಟರಿನಲ್ಲಿರಲಿಲ್ಲ. ಅದನ್ನು ಹೇಳಲು ಕಾರ್ಡಿಗೆ ಬರುವುದಿಲ್ಲ, ಡಾಕ್ಟರಿಗೆ ಬರುತ್ತದೆ. ತಲೆ, ಕಣ್ಣು ಎರಡನ್ನೂ ತೋರಿಸು. ಅಂಗಡಿಯವನ ಮುಂದೆ ಅರ್ಧ ಗಂಟೆ ಸ್ಟೂಲ್ ಹಾಕಿಕೊಂಡು ಕೂತವಳಿಗೆ ಡಾಕ್ಟರ ಮುಂದೆ ಹತ್ತು ನಿಮಿಷ ಕೂರುವುದು ಕಷ್ಟವಾ?

ನನ್ನ ಆ ಇನ್ನೊಂದು ಪತ್ರ ಓದಿದೆಯಾ?

ನಿನ್ನ ಮೊಂಡಿ


ಮೇ 17

ಮೊಂಡಿಗೆ ಆಶೀರ್ವಾದ.

ತಂತಿ ಬದಲಾಯಿಸಿದೆ. ರಸ್ತೆ ನೀರಾಗಿ ಹರಿಯಿತು. ಲಾರಿ ದೂರದಲ್ಲಿ ಚುಕ್ಕೆಯಾಗಿ ಕಂಡಿತು, ಸಾಸಿವೆಯಾಯಿತು, ಬೆಂಕಿಪೊಟ್ಟಣವಾಯಿತು, ಮೆಲ್ಲಗೆ ಬಂದು ಮರ್ಯಾದೆಯಿಂದ ಪಕ್ಕದಲ್ಲಿ ಹೋಯಿತು. ನಡುವಿನ ರಸ್ತೆ ಪೂರ್ತಿ ಇತ್ತು. ಮೂಲೆಯ ಅಂಕಿ ಅರವತ್ತೆರಡು ತೋರಿಸುತ್ತಿತ್ತು. ನಾನು ಗಾಡಿ ನಿಲ್ಲಿಸಿ, ಅಂದರೆ ಆಟದ ಗಾಡಿ, ಇನ್ನೊಂದು ಲಾರಿ ಬರುವುದನ್ನೂ ನೋಡಿದೆ. ಒಂದೂವರೆ ತಿಂಗಳು ನಾನೇ ನನ್ನನ್ನು ಗುಜರಿಗೆ ಹಾಕಿಬಿಟ್ಟಿದ್ದೆನಲ್ಲ, ಒಂದು ತಂತಿಗಾಗಿ.

ಇನ್ನು ಮುಂದೆ ಮಾಡಬೇಕಾದ್ದನ್ನು ಪೂರ್ತಿ ಹೇಳುವುದು ಕಲಿ. ನಿನ್ನ ಗಾಳಿಯ ಲೆಕ್ಕವನ್ನೂ ಹೀಗೇ ಬರೆದರೆ ಯಾರದಾದರೂ ಹಡಗು ಮುಳುಗೀತು.

ಡಾಕ್ಟರ ಹತ್ತಿರ ಹೋದೆ. ನೀನು ಹೇಳಿದೆ ಎಂದಲ್ಲ. ಸ್ಟೂಲಿನ ಮಾತು ಎತ್ತಿದ್ದಕ್ಕೆ. ತಲೆಯ ಫೋಟೋ ತೆಗೆದರು, ಇಂದು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದು ಕೇಳಿದರು. ನಾನು ಎರಡಕ್ಕೆ ಬಂದು ನಿಂತಾಗ ಡಾಕ್ಟರು ಇನ್ನೂ ಕಾಗದದ ಮೇಲೆ ಮೂವತ್ತರ ಹತ್ತಿರ ಇದ್ದರು. ತಲೆ ನೆಟ್ಟಗಿದೆ.

ಎಡಗಣ್ಣು ನೆಟ್ಟಗಿಲ್ಲ. ಪೊರೆ ಬಂದಿದೆಯಂತೆ, ಬಲಿತಿದೆ. ಬಲಗಣ್ಣು ಮುಚ್ಚಿ ಗೋಡೆಯ ಅಕ್ಷರ ಓದಿ ಎಂದರು. ಗೋಡೆಯೇ ಮಸುಕು, ಅಕ್ಷರ ಎಲ್ಲಿಂದ ಬರಬೇಕು. ಹೋಟೆಲಿನ ಕಂಬ ಎಡಗಡೆಗಿತ್ತು. ಕೆಂಪು ದೀಪದ ದಿನ ಬಸ್ಸಿನ ಬ್ರೇಕು ಕಿರುಚಿದ್ದು ನನಗೂ ಕೇಳಿಸಿತ್ತು, ಅದೂ ಎಡಗಡೆಯಿಂದಲೇ. ಇದಕ್ಕಿಂತ ಹೆಚ್ಚು ನನ್ನ ಬಾಯಿಂದ ಬರುತ್ತದೆ ಎಂದುಕೊಳ್ಳಬೇಡ.

ಇಪ್ಪತ್ತೆರಡಕ್ಕೆ ಆಪರೇಷನ್. ಪರೀಕ್ಷೆ ಜೂನ್ ಇಪ್ಪತ್ತೆಂಟಕ್ಕೆ. ಅಷ್ಟರಲ್ಲಿ ಕಣ್ಣು ಆರುತ್ತದೆಯೇ ಎಂದು ಕೇಳಿದೆ. "ಆರುತ್ತಮ್ಮಾ, ಆದ್ರೆ ನೀವು ಸುಮ್ನಿರ್ಬೇಕು" ಎಂದರು. ಅದೊಂದು ಕಷ್ಟ.

ನಿನ್ನ ಅಜ್ಜಿ


ಜುಲೈ 4

ಮೊಂಡಿಗೆ ಆಶೀರ್ವಾದ.

ಅಕ್ಷರ ಸೊಟ್ಟಗಿದ್ದರೆ ಕಣ್ಣಿನ ತಪ್ಪಲ್ಲ, ಸ್ಟಿಯರಿಂಗಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಹೋಟೆಲಿನ ಹಿಂಬಾಗಿಲಲ್ಲಿ ಇದ್ದೇನೆ. ಅವರು ಗಂಟು ಇಳಿಸಿಕೊಳ್ಳುತ್ತಿದ್ದಾರೆ. ಎಡಗಡೆಯ ಕಂಬ ಎರಡು ಮೊಳ ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿದೆ. ಅದಕ್ಕೆ ಯಾರೋ ಬಿಳಿ ಸುಣ್ಣ ಬಳಿದಿದ್ದಾರೆ, ನನ್ನ ಭಯಕ್ಕೆ ಇರಬೇಕು.

ಪರೀಕ್ಷೆಗೆ ನಿನ್ನಪ್ಪ ಪಕ್ಕದಲ್ಲಿ ಕೂತು ಬಂದ. ಆಫೀಸಿನವನು ನನ್ನ ಕಾಗದ ನೋಡಿ, ನನ್ನನ್ನು ನೋಡಿ, "ಅಜ್ಜಿ, ಗಾಡಿ ಯಾರು ಓಡಿಸ್ಕೊಂಡು ಬಂದ್ರು?" ಎಂದು ಕೇಳಿದ. "ಕೀ ಯಾರ ಕೈಲಿದೆ ನೋಡಪ್ಪ" ಎಂದೆ. ಸರ್ಕಲು ಸುತ್ತಿಸಿದ, ಏರಿನಲ್ಲಿ ನಿಲ್ಲಿಸಿದ, ಡಬ್ಬಗಳ ನಡುವೆ ಹಿಂದಕ್ಕೆ ತೆಗೆಸಿದ. ಹಿಂದಕ್ಕೆ ತೆಗೆಯುವುದನ್ನು ನಿನ್ನ ಆಟದಲ್ಲಿ ಇನ್ನೂರು ಸಲವಾದರೂ ಮಾಡಿದ್ದೆ. ಡಬ್ಬ ಒಂದೂ ಅಲುಗಲಿಲ್ಲ. ಎರಡು ವರ್ಷಕ್ಕೆ ಬರೆದುಕೊಟ್ಟಿದ್ದಾನೆ, ಆಮೇಲೆ ಮತ್ತೆ ಬರಬೇಕಂತೆ. ಬರುತ್ತೇನೆ, ನೀನು ಇಲ್ಲೇ ಇರು ಎಂದು ಹೇಳಿ ಬಂದೆ.

ಲಾಂಡ್ರಿಗೆ ಬಂದ ಮೇಲೆ ನಿನ್ನಪ್ಪ ಕೀಯನ್ನು ತಾನೇ ಮೊಳೆಗೆ ಹಾಕಿ, ಸರಿಯಾಗಿ ಕೂತಿದೆಯೇ ಎಂದು ಒಂದು ಸಲ ಅಲ್ಲಾಡಿಸಿ ನೋಡಿ ಒಳಗೆ ಹೋದ. ಡ್ರೈವರನನ್ನು ಕಳಿಸಿಲ್ಲ. ಮಡಿಸುವ ಮೇಜಿಗೆ ಹಾಕಿದ್ದೇನೆ, ದಾರದ ಬಣ್ಣ ಕಲಿಯುತ್ತಿದ್ದಾನೆ.

ಕಾರ್ಡನ್ನು ನಿನಗೆ ಬಿಟ್ಟುಕೊಡುತ್ತೇನೆ ಎಂದುಕೊಂಡಿದ್ದರೆ ಬಿಟ್ಟುಬಿಡು. ಈಗ ಬೆಟ್ಟದ ರಸ್ತೆಯಲ್ಲಿ ಹದಿನೆಂಟು ಚಕ್ರದ ಲಾರಿ ಓಡಿಸುತ್ತಿದ್ದೇನೆ. ಅಂಗಡಿಯವನ ಹತ್ತಿರ ಇನ್ನೊಂದು ಆಟ ಕೇಳಿಟ್ಟಿದ್ದೇನೆ.

ಏಪ್ರಿಲಿನಲ್ಲಿ ಬಂದ ನಿನ್ನ ಪತ್ರವನ್ನು ಇನ್ನೂ ಒಡೆದಿಲ್ಲ. ಒಡೆಯುವುದೂ ಇಲ್ಲ, ಗುರುತಿನ ದಾರಗಳ ಡಬ್ಬದಲ್ಲಿ ಇಟ್ಟಿದ್ದೇನೆ. ಅದರಲ್ಲಿ ಏನಿದೆ ಎಂದು ನನಗೆ ಜನವರಿಯಲ್ಲೇ ಗೊತ್ತಿತ್ತು. ಆ ಕೆಂಪು ದೀಪದ ದಿನ ವ್ಯಾನಿನಲ್ಲಿ ಇದ್ದದ್ದು ನಾವಿಬ್ಬರೇ. ಹೇಳಿದವಳು ನೀನೇ ಎಂದು ಗೊತ್ತಿದ್ದೇ ನಾನು ಕಾರ್ಡಿನ ವಿಷಯ ನಿನ್ನನ್ನು ಕೇಳಿದ್ದು. ನೀನು ಹೇಳಬೇಕಾದ್ದನ್ನು ಹೇಳಬೇಕಾದವರಿಗೆ ಹೇಳಿದೆ. ಮುಂದಿನ ಸಲ ನನ್ನ ಮುಖಕ್ಕೇ ಹೇಳು. ನಾನೇನು ನುಂಗುವುದಿಲ್ಲ.

ಆಗಸ್ಟಿನಲ್ಲಿ ನೀನು ಬರುವ ದಿನ ಬರೆದು ತಿಳಿಸು. ಬಸ್ ಸ್ಟ್ಯಾಂಡಿಗೆ ವ್ಯಾನು ತರುತ್ತೇನೆ. ಅದೇ ಸರ್ಕಲಿನಲ್ಲಿ ಬರಬೇಕು, ದೀಪ ಕೆಂಪಿದ್ದರೆ ನಿಲ್ಲುತ್ತೇನೆ, ಹಸಿರಾಗುವವರೆಗೆ ಇಬ್ಬರೂ ನೋಡುತ್ತಾ ಕೂರೋಣ. ನನ್ನ ಪಕ್ಕದ ಸೀಟಿನಲ್ಲೇ ಕೂತುಕೋ. ಎರಡೂ ಕೈ ತೊಡೆಯ ಮೇಲಿರಲಿ. ಬಾಗಿಲ ಮೇಲಿನ ಹಿಡಿಯನ್ನು ಅವತ್ತು ನೀನು ಹಿಡಿದುಕೊಂಡಿದ್ದನ್ನು ನಾನು ನೋಡಿದ್ದೆ. ಈ ಸಲ ಹಿಡಿದೆಯೋ, ಪೆಟ್ಟಿಗೆ ಸಮೇತ ಅಲ್ಲೇ ಇಳಿಸಿ ಬರುತ್ತೇನೆ.

ನಿನ್ನ ಅಜ್ಜಿ